ಗದ್ದಲದಲ್ಲಿ ಕಿವಿಗೊಡುವ ಯಂತ್ರ

ಹೆದ್ದಾರಿಯಲ್ಲಿ ಕಾರು ಧಾವಿಸುತ್ತಿದೆ. ಕಿಟಕಿಯ ಗಾಜು ಅರ್ಧ ಇಳಿದಿದೆ. ಪಕ್ಕದಲ್ಲಿ ಲಾರಿಯೊಂದು ಆರ್ಭಟಿಸುತ್ತ ಸಾಗಿದೆ. ಹಿಂದಿನ ಆಸನದಲ್ಲಿ ಮಕ್ಕಳ ಜಗಳ. ಯಜಮಾನರು ರಸ್ತೆಯಿಂದ ಕಣ್ಣು ಕದಲಿಸದೆ, "ಅಮ್ಮನಿಗೆ ಫೋನು ಮಾಡು" ಎಂದು ಕಾರಿಗೆ ಅಪ್ಪಣೆ ಕೊಡುತ್ತಾರೆ. ಪಕ್ಕದಲ್ಲೇ ಕುಳಿತ ಮಡದಿಯೇ "ಏನೆಂದಿರಿ?" ಎಂದು ಕೇಳುವ ಸದ್ದಿನಲ್ಲಿ, ಯಂತ್ರಕ್ಕೆ ತಿಳಿಯುವುದಾದರೂ ಹೇಗೆ?

ಮಾತನ್ನು ಗುರುತಿಸುವ ಯಂತ್ರವೇನೋ ಹಳೆಯದು. 1952ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದ 'ಆಡ್ರಿ' ಬಿಡಿಬಿಡಿಯಾಗಿ ನುಡಿದ ಅಂಕಿಗಳನ್ನು ಗುರುತಿಸುತ್ತಿತ್ತು. ಆದರೆ ಕಂಠ ಅದಕ್ಕೆ ಪರಿಚಿತವಾಗಿರಬೇಕಿತ್ತು. ಇಂದು ಈ ಕಾರ್ಯ 'ಕೃತಕ ನರಜಾಲ'ದ್ದು. ಮಿದುಳಿನ ನರಕೋಶಗಳ ಜೋಡಣೆಯಿಂದ ಪ್ರೇರಿತವಾದ ಗಣಿತದ ಹೆಣಿಗೆ ಅದು. ಲೆಕ್ಕವಿಲ್ಲದಷ್ಟು ಮಾತುಗಳನ್ನು ಅದಕ್ಕೆ ಕೇಳಿಸಿ, ತಪ್ಪಿದಾಗಲೆಲ್ಲ ಒಳಗಿನ ಕೊಂಡಿಗಳ ಬಲವನ್ನು ತುಸುತುಸುವೇ ತಿದ್ದಲಾಗುತ್ತದೆ. ನಿಶ್ಶಬ್ದ ಕೊಠಡಿಯಲ್ಲಿ ಮುದ್ರಿಸಿದ ಮಾತಿಗೆ ಎಂಜಿನ್ನು, ಗಾಳಿ, ಟಯರುಗಳ ಸದ್ದನ್ನು ಬೆರೆಸಿಯೂ ಪಾಠ ಹೇಳುವುದುಂಟು.

ಅಷ್ಟರಿಂದಲೇ ವಿದ್ಯೆ ಪೂರ್ಣವಾಗದು. ಗದ್ದಲದ ನಡುವೆ ಮನುಷ್ಯನು ತನಗರಿವಿಲ್ಲದೆಯೇ ದನಿಯೇರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಪ್ರಕಟಿಸಿದನು. ಆಗ ದನಿಯ ಸ್ಥಾಯಿ ಏರುತ್ತದೆ, ಸ್ವರಗಳು ದೀರ್ಘವಾಗುತ್ತವೆ ಎಂಬುದನ್ನು ಮುಂದಿನ ಸಂಶೋಧಕರು ಕಂಡುಕೊಂಡರು. ಗದ್ದಲವು ಕೇಳುವ ಕಿವಿಯನ್ನು ಕೆಡಿಸುವುದರ ಜೊತೆಗೆ ಆಡುವವನ ಮಾತನ್ನೂ ಬದಲಿಸುತ್ತದೆ! ಶಾಂತವಾಗಿ ಆಡಿದ ಮಾತಿಗೆ ಸದ್ದು ಬೆರೆಸಿದ ಮಾತ್ರಕ್ಕೆ ಈ ಬದಲಾವಣೆ ಬಾರದು. ಆದ್ದರಿಂದ ಓಡುವ ವಾಹನದೊಳಗೆ ಆಡಿದ ಮಾತುಗಳನ್ನೇ ಮುದ್ರಿಸಿ ನರಜಾಲಕ್ಕೆ ಕೇಳಿಸಬೇಕಾಗುತ್ತದೆ. ದಡದಲ್ಲಿ ಕುಳಿತು ಈಜು ಕಲಿತವರುಂಟೆ?

ಇಷ್ಟು ಶ್ರಮವೇಕೆಂದರೆ, ಇಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ದೊಡ್ಡದು. ಯಂತ್ರ 'ಅಮ್ಮ'ನನ್ನು 'ಅಣ್ಣ'ನೆಂದು ತಿಳಿದರೆ ಯಜಮಾನರು ಮತ್ತೆ ಹೇಳಬೇಕು, ಸಿಡುಕಬೇಕು, ಅಷ್ಟರಲ್ಲಿ ಚಿತ್ತ ರಸ್ತೆಯನ್ನು ಬಿಟ್ಟಿರುತ್ತದೆ. ಅಮೆರಿಕದ ಎಎಎ ರಸ್ತೆ ಸುರಕ್ಷಾ ಪ್ರತಿಷ್ಠಾನಕ್ಕಾಗಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಪರೀಕ್ಷೆಗಳ ಫಲಿತಾಂಶ 2015ರಲ್ಲಿ ಹೊರಬಂದಿತು. ಧ್ವನಿಯ ಅಪ್ಪಣೆ ಮುಗಿದ ಮೇಲೂ ಚಾಲಕನ ಗಮನವು ಪೂರ್ಣವಾಗಿ ಮರಳಲು ಕೆಲವು ಸಾಧನಗಳಲ್ಲಿ 27 ಸೆಕೆಂಡುಗಳವರೆಗೆ ಹಿಡಿಯಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಅಷ್ಟು ಹೊತ್ತಿನಲ್ಲಿ 300 ಮೀಟರ್ ದಾಟಿರುತ್ತದೆ. ಆ ದೂರದಲ್ಲಿ ಶಾಲೆಯ ಬಾಗಿಲಿರಬಹುದು, ರಸ್ತೆ ದಾಟುವ ಮುದುಕರಿರಬಹುದು.

ಯಂತ್ರದ ಕಿವಿ ದಿನದಿನಕ್ಕೆ ಚುರುಕಾಗುತ್ತಿರುವುದು ಸಂತೋಷದ ಸಂಗತಿಯೇ. ಆದರೂ ತಿರುವಿನಲ್ಲೋ ಜನಸಂದಣಿಯಲ್ಲೋ ಅಪ್ಪಣೆ ಕೊಡದೆ ಸುಮ್ಮನಿರುವುದು ಲೇಸು. ಊರಿನಲ್ಲಿ ಕಾದಿರುವ ಅಮ್ಮನಿಗೆ ಕರೆ ತುಸು ತಡವಾದರೆ ಬೇಸರವಿಲ್ಲ. ಮಕ್ಕಳು, ಮೊಮ್ಮಕ್ಕಳು ಕ್ಷೇಮವಾಗಿ ಬಂದಿಳಿದರೆ ಸಾಕು.