‘ಹೂಂ ಸಾರ್’ ಎಂದರೆ ತಪ್ಪೊಪ್ಪಿಗೆಯಲ್ಲ!



ನಮ್ಮ ಪ್ರೆಸ್ಸಿನಲ್ಲಿ ಒಂದು ಕಟ್ಟುನಿಟ್ಟಿದೆ. ಗಿರಾಕಿ ಪ್ರೂಫ್ ಓದಿ ಸಹಿ ಹಾಕದೆ ಮೆಷಿನ್ ಓಡುವುದಿಲ್ಲ. ಮದುವೆ ಕರೆಯೋಲೆಗೇ ಇಷ್ಟು ಎಚ್ಚರ ಬೇಕಾದರೆ, ಒಬ್ಬ ಸೈನಿಕನ ನೌಕರಿ, ಮಾನ ಎರಡನ್ನೂ ಕಳೆಯಬಲ್ಲ ಹೇಳಿಕೆಗೆ ಎಷ್ಟು ಬೇಕು?

ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ‘ಸೈನ್ಯ ಸೇರಿದವನಿಗೆ ಹಕ್ಕೆಲ್ಲಿ?’ ಎನ್ನುವವರಿದ್ದಾರೆ. ಸೈನಿಕರ ಮೂಲಭೂತ ಹಕ್ಕು ಮೊಟಕುಗೊಳಿಸಲು 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿರುವುದು ನಿಜ. ಆದರೆ 1950ರ ಸೇನಾ ಕಾಯ್ದೆಯ 21ನೇ ಕಲಮು ಕೈಹಾಕಿರುವುದು ಸಂಘ, ಸಭೆ, ಪತ್ರಿಕೆಗೆ ಬರೆಯುವುದು ಇಂಥವುಗಳಿಗೆ. ಸುಮ್ಮನಿರುವ ಹಕ್ಕನ್ನು ಅದು ಕಿತ್ತುಕೊಂಡಿಲ್ಲ!

1954ರ ಸೇನಾ ನಿಯಮಗಳು ಇದನ್ನು ಇನ್ನಷ್ಟು ಗಟ್ಟಿ ಮಾಡಿವೆ. ಸಾಕ್ಷ್ಯದ ಸಾರಾಂಶ ಬರೆಯುವಾಗ, ‘ನೀನು ಏನೂ ಹೇಳಬೇಕಾಗಿಲ್ಲ, ಹೇಳಿದ್ದನ್ನು ಬರೆದುಕೊಂಡು ಸಾಕ್ಷ್ಯವಾಗಿ ಬಳಸಬಹುದು’ ಎಂದು ಆರೋಪಿಗೆ ಎಚ್ಚರಿಸಬೇಕು. ಇದು 23ನೇ ನಿಯಮ. ವಿಚಾರಣಾ ಮಂಡಳಿಯ ಮುಂದೆ ಅವನು ಒಪ್ಪಿಕೊಂಡದ್ದನ್ನು ಕೋರ್ಟ್ ಮಾರ್ಷಲ್‌ನಲ್ಲಿ ಅವನ ಮೇಲೆಯೇ ಸಾಕ್ಷ್ಯ ಮಾಡುವಂತಿಲ್ಲ. ಸುಳ್ಳು ಸಾಕ್ಷಿ ಹೇಳಿದ ಆರೋಪ ಮಾತ್ರ ಬೇರೆ. ಇದು 182ನೇ ನಿಯಮ.

ಹಾಗಾದರೆ ತೊಡಕೆಲ್ಲಿ? ಭಾಷೆಯಲ್ಲಿ! ಅದೇ 23ನೇ ನಿಯಮದಂತೆ ಹೇಳಿಕೆ ಬರೆದುಕೊಳ್ಳುವುದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಾರದವನಿಗೆ ಆಮೇಲೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ನಮ್ಮ ಹಳ್ಳಿಯ ಹುಡುಗ ಮೇಲಧಿಕಾರಿಯ ಮುಂದೆ ‘ಹೂಂ ಸಾರ್’ ಎಂದರೆ ‘ಕೇಳಿಸಿಕೊಂಡೆ’ ಎಂದರ್ಥ, ‘ತಪ್ಪು ಮಾಡಿದೆ’ ಎಂದಲ್ಲ. ಇಂಗ್ಲಿಷ್ ಕಾಗದದಲ್ಲಿ ಆ ಹೂಂಕಾರ ಏನಾಗಿ ಇಳಿಯಿತೆಂದು ಅವನಿಗೆ ಹೇಗೆ ತಿಳಿಯಬೇಕು?

ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕಮಾಂಡಿಂಗ್ ಅಧಿಕಾರಿಯೊಬ್ಬನೇ ನ್ಯಾಯಾಧೀಶ. ಊಟ ಮಾಡೆಂಬ ಆಜ್ಞೆ ಮೀರಿದನೆಂದು ರಂಜಿತ್ ಠಾಕೂರ್ ಎಂಬ ಸೈನಿಕನಿಗೆ ಅಲ್ಲಿ ಸಿಕ್ಕಿದ್ದು ಒಂದು ವರ್ಷ ಸಜೆ ಮತ್ತು ವಜಾ. ವಿಚಾರಣೆಗೆ ಕೂತ ಅಧಿಕಾರಿಯ ಮೇಲೆ ಅವನು ಮೊದಲೇ ದೂರು ಕೊಟ್ಟಿದ್ದ! 1987ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಲು ಎಷ್ಟು ಜನ ಸೈನಿಕರಿಗೆ ಶಕ್ತಿಯಿದೆ?

ಇದರಿಂದ ಶಿಸ್ತು ಕೆಡುತ್ತದೆ ಎನ್ನಬೇಡಿ. ಸಿಪಾಯಿಯ ಭಾಷೆಯಲ್ಲಿ ಎರಡು ಸಾಲು ಓದಿದರೆ ಯಾವ ಗಡಿಯೂ ಕುಸಿಯುವುದಿಲ್ಲ. ಆ ಎಚ್ಚರಿಕೆ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಲ್ಲೂ ಅಚ್ಚಾಗಲಿ. ಹೇಳಿಕೆ ಮೊದಲು ಅವನ ನುಡಿಯಲ್ಲಿರಲಿ, ಇಂಗ್ಲಿಷ್ ಅದರ ಪಕ್ಕದಲ್ಲಿರಲಿ.

ಭರ್ತಿ ರ‍್ಯಾಲಿಗೆ ಹೊರಟ ತಮ್ಮಂದಿರೇ, ದೇಶಕ್ಕೆ ಪ್ರಾಣ ಕೊಡಿ. ಓದಲಾಗದ ಕಾಗದಕ್ಕೆ ಮಾತ್ರ ಸಹಿ ಕೊಡಬೇಡಿ!