ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು

ಗಾಂಜಾ ಮಾರುವವನು ಸಮಾಜದ ಶತ್ರು. ಅವನ ಪರವಾಗಿ ನಾವು ಒಂದಕ್ಷರವನ್ನೂ ಬರೆಯಲಾರೆವು. ಆದರೆ ಅವನ ಬದಲಿಗೆ ಮತ್ತೊಬ್ಬ ಬಡವ ಜೈಲು ಸೇರಿದರೆ, ಮಾರಿದವನು ಹೊರಗೇ ಉಳಿದನೆಂದು ಅರ್ಥ.

ತಿಪಟೂರಿನ ಮಂಡಿಗಳಿಂದ ಕೊಬ್ಬರಿ ಹೇರಿದ ಲಾರಿಗಳು ದೂರದ ಉತ್ತರಕ್ಕೆ ಹೋಗುತ್ತವೆ. ಅಂಥ ಒಂದು ಲಾರಿಯ ಮೂಟೆಗಳ ನಡುವೆ ಗಾಂಜಾ ಸಿಕ್ಕಿತೆನ್ನೋಣ. ಕತ್ತಲಲ್ಲಿ ಒಬ್ಬ ಓಡಿಹೋದ. ಕೆಲವು ದಿನಗಳ ಮೇಲೆ ಒಬ್ಬ ಹಮಾಲನನ್ನು ಹಿಡಿದು ತಂದರು. ಸಾಕ್ಷಿಯು ಕೋರ್ಟಿನಲ್ಲಿ ‘ಇವನೇ’ ಎಂದ. ಆ ಒಂದು ಮಾತಿನ ಬೆಲೆಯೆಷ್ಟು?

1985ರ ಮಾದಕ ವಸ್ತು ಕಾನೂನಿನಂತೆ 20 ಕಿಲೋಗೆ ಮೀರಿದ ಗಾಂಜಾಕ್ಕೆ ಕನಿಷ್ಠ 10 ವರ್ಷ ಸಜೆ, 1 ಲಕ್ಷ ರೂಪಾಯಿ ದಂಡ. ಮಾಲು ಆಪಾದಿತನ ವಶದಲ್ಲಿತ್ತೆಂದು ರುಜುವಾದೊಡನೆ, ನಿರ್ದೋಷಿಯೆಂದು ತೋರಿಸುವ ಹೊರೆ ಅವನ ತಲೆಗೇ ಬೀಳುತ್ತದೆ. ಆದರೆ ಆ ವಶವನ್ನು ಮೊದಲು ಸರ್ಕಾರವೇ ರುಜುಪಡಿಸಬೇಕೆಂದು ಸುಪ್ರೀಂ ಕೋರ್ಟು 2008ರ ನೂರ್ ಆಗಾ ಮೊಕದ್ದಮೆಯಲ್ಲಿ ಹೇಳಿದೆ. ‘ಅವನೇ ಇವನು’ ಎಂಬುದು ಸಡಿಲವಾದರೆ ವಶವೆಲ್ಲಿಯದು?

ಪರಿಚಯವಿಲ್ಲದವನನ್ನು ಸಾಕ್ಷಿಯು ಮೊತ್ತಮೊದಲು ಕೋರ್ಟಿನಲ್ಲೇ ಗುರುತಿಸಿದರೆ, ಹಿಂದೆ ಗುರುತಿನ ಪೆರೇಡು ನಡೆಯದಿದ್ದಲ್ಲಿ, ಆ ಸಾಕ್ಷ್ಯಕ್ಕೆ ಬೆಲೆಯಿಲ್ಲವೆಂದು 1979ರ ಕೇರಳದ ಕಣ್ಣನ್ ಮೊಕದ್ದಮೆಯಲ್ಲಿ ತೀರ್ಪಾಯಿತು. 2003ರ ಮಲ್ಖಾನ್‌ಸಿಂಗ್ ಮೊಕದ್ದಮೆಯಲ್ಲಾದರೋ, ಕೋರ್ಟಿನಲ್ಲಿ ಹೇಳಿದ್ದೇ ಮುಖ್ಯ ಸಾಕ್ಷ್ಯ, ಪೆರೇಡು ಇಲ್ಲದ ಮಾತ್ರಕ್ಕೆ ಕೇಸು ಬೀಳದು ಎಂದರು. ಆದುದರಿಂದ ‘ಪೆರೇಡು ಆಗಲಿಲ್ಲ’ ಎಂಬೊಂದೇ ಮಾತು ಅಪೀಲಿನಲ್ಲಿ ಸಾಲದು.

ಬೆಳಕಿತ್ತೆ? ಎಷ್ಟು ದೂರದಿಂದ, ಎಷ್ಟು ಹೊತ್ತು ನೋಡಿದ? ಮೊದಲ ಹೇಳಿಕೆಯಲ್ಲಿ ಚಹರೆ ಹೇಳಿದ್ದನೆ? ಪೆರೇಡಿಗೆ ಮುಂಚೆ ಠಾಣೆಯಲ್ಲೋ ಫೋಟೋದಲ್ಲೋ ಆಪಾದಿತನನ್ನು ತೋರಿಸಿದ್ದರೆ? ಈ ಪ್ರಶ್ನೆಗಳನ್ನು ಕೆಳಗಿನ ಕೋರ್ಟಿನ ಪಾಟೀಸವಾಲಿನಲ್ಲೇ ಕೇಳಿರಬೇಕು. ಹೈಕೋರ್ಟು ಸಾಮಾನ್ಯವಾಗಿ ದಾಖಲೆಯಲ್ಲಿರುವುದನ್ನೇ ಓದುತ್ತದೆ. ಅಲ್ಲಿ ಬಿತ್ತದ್ದನ್ನು ಇಲ್ಲಿ ಕೊಯ್ಯಲಾಗದು.

ದುಡ್ಡಿದ್ದವನಿಗೆ ಇದನ್ನೆಲ್ಲ ಕೇಳುವ ವಕೀಲ ಸಿಗುತ್ತಾನೆ. ಹಮಾಲನಿಗೆ ಸಿಗಬೇಡವೆ? ಬಂಧನದಲ್ಲಿರುವವನಿಗೆ 1987ರ ಕಾನೂನಿನಂತೆ ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕಿದೆ. ಅದು ಭಿಕ್ಷೆಯಲ್ಲ. ಹೈಕೋರ್ಟಿಗೆ ಅಪೀಲು ಹೋಗಲು 60 ದಿನಗಳ ಅವಧಿಯಿದೆ. ಜೈಲಿನ ಅಧಿಕಾರಿಯ ಮೂಲಕವೂ ಸಲ್ಲಿಸಬಹುದು.

ಗುರುತಿನ ಪೆರೇಡು ತಡವಿಲ್ಲದೆ, ಮ್ಯಾಜಿಸ್ಟ್ರೇಟರ ಮುಂದೆ, ಹೋಲುವ ಜನರ ನಡುವೆ ನಡೆಯಲೆಂಬುದು ನಮ್ಮ ಒತ್ತಾಯ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಾರ್ಮಿಕ ಸಂಘಗಳೂ ಮಂಡಿಯ ಸಣ್ಣ ವರ್ತಕರೂ ಕೇಸಿನ ಮೊದಲ ದಿನವೇ ವಕೀಲರನ್ನು ನಿಲ್ಲಿಸಲಿ. ತೀರ್ಪಾದ ಮೇಲೆ ಅತ್ತು ಪ್ರಯೋಜನವೇನು?