ಹುಟ್ಟದೆ ಉಳಿದ ಕವಲುಕಥೆಗಳು

ದೂರದರ್ಶನದ ಕಾರ್ಟೂನುಗಳ ವಿಚಾರವನ್ನು ಸಾಹಿತ್ಯಪತ್ರಿಕೆಯೊಂದರಲ್ಲಿ ಎತ್ತುವುದು ಕೆಲವು ವಾಚಕರಿಗೆ ಅನುಚಿತವಾಗಿ ತೋರಬಹುದು. ಛಂದಸ್ಸು, ಶಾಸನ, ಶಬ್ದನಿಷ್ಪತ್ತಿಗಳಿಗೆ ಮೀಸಲಾದ ಪುಟಗಳಲ್ಲಿ ಲಡ್ಡುಗೆ ತಿನ್ನುವ ಬೊಂಬೆಗೆ ಏನು ಕೆಲಸವೆಂದು ಕೇಳುವವರೂ ಇರಬಹುದು. ಅವರಿಗೆ ಸಮಾಧಾನವಿಷ್ಟೆ: ಹಿರಿಯರು ಜಗಲಿಯಲ್ಲಿ ಛಂದಸ್ಸನ್ನು ಚರ್ಚಿಸುತ್ತಿರುವ ಹೊತ್ತಿನಲ್ಲಿಯೇ ನಡುಮನೆಯಲ್ಲಿ ಮಕ್ಕಳು ಕಥೆ ಕೇಳುತ್ತಿದ್ದಾರೆ, ಆ ಕಥೆಯನ್ನು ಹೇಳುತ್ತಿರುವವಳು ಅಜ್ಜಿಯಲ್ಲ. ಮಕ್ಕಳು ಯಾವ ಭಾಷೆಯಲ್ಲಿ ಕಥೆ ಕೇಳುವರೋ ಆ ಭಾಷೆಯಲ್ಲಿಯೇ ಮುಂದೆ ಛಂದಸ್ಸನ್ನು ಓದತಕ್ಕವರು ಹುಟ್ಟಬೇಕು. ಆದುದರಿಂದ ವಿಷಯವು ಪತ್ರಿಕೆಗೆ ಹೊರಗಿನದಲ್ಲ.

ಭಾಗಮಂಡಲದಿಂದ ಘಟ್ಟವಿಳಿದು ಪಾಣತ್ತೂರಿಗೆ ಹೋಗುವ ದಾರಿಯಲ್ಲಿ ಕೊಡಗಿನ ಕೊನೆಯ ಊರು ಕರಿಕೆ. ಅಲ್ಲಿಂದ ಮುಂದೆ ಕೇರಳದ ಕಾಸರಗೋಡು ಜಿಲ್ಲೆ. ಅರೆಭಾಷೆ, ಮಲಯಾಳ, ಕನ್ನಡಗಳು ಅಲ್ಲಿ ಅಂಗಡಿಯಲ್ಲಿಯೂ ಅಂಗಳದಲ್ಲಿಯೂ ಬೆರೆತು ಕೇಳಿಬರುವುವು. ಅನೇಕ ಮಕ್ಕಳಿಗೆ ಕನ್ನಡವು ಶಾಲೆಯಲ್ಲಿ ಕಲಿಯುವ ಭಾಷೆ, ಹೊರತು ತೊಟ್ಟಿಲಿನ ಭಾಷೆಯಲ್ಲ. ಘಟ್ಟದ ಮಳೆ ಹಿಡಿದ ದಿನಗಳಲ್ಲಿ ಮಕ್ಕಳು ಅಂಗಳಕ್ಕಿಳಿಯಲಾರದೆ ದೂರದರ್ಶನದ ಮುಂದೆ ಕೂರುವರು. ಸನ್ ಸಂಸ್ಥೆಯವರು ಕನ್ನಡದ ಮಕ್ಕಳಿಗೆಂದು 2009ರಲ್ಲಿ ಚಿಂಟು ಟಿವಿಯನ್ನೂ ಮಲಯಾಳದ ಮಕ್ಕಳಿಗೆಂದು 2011ರಲ್ಲಿ ಕೊಚ್ಚು ಟಿವಿಯನ್ನೂ ತೆರೆದರು. ಎರಡರ ನಡುವೆ ರಿಮೋಟಿನ ಗುಂಡಿಯೊಂದರ ಅಂತರ. ಬೇರೆಲ್ಲಿಯೋ ಬರೆದ ಒಂದೇ ಬೊಂಬೆಯು ಈ ಕಡೆ ಒಂದು ನಾಲಿಗೆಯಿಂದಲೂ ಆ ಕಡೆ ಇನ್ನೊಂದು ನಾಲಿಗೆಯಿಂದಲೂ ಮಾತಾಡುವುದಾದರೆ, ಕರಿಕೆಯ ಮಗುವು ಕನ್ನಡದ ಗುಂಡಿಯನ್ನೇ ಒತ್ತುವುದಕ್ಕೆ ಕಾರಣವೇನು? ಕನ್ನಡದಲ್ಲಿ ಮಾತ್ರ ದೊರೆಯತಕ್ಕ ಕಥೆಯೊಂದು ಅಲ್ಲಿದ್ದರೆ ಒತ್ತೀತು. ಇಲ್ಲದಿದ್ದರೆ ನೆರೆಮನೆಯ ಮಕ್ಕಳು ಒತ್ತಿದುದನ್ನೇ ಒತ್ತುವುದು. ಇಲ್ಲಿ ವಿಚಾರಿಸತಕ್ಕದ್ದು ಇಷ್ಟೇ.

ಕಾರ್ಟೂನು ವ್ಯವಹಾರದಲ್ಲಿ ಕವಲುಕಥೆಯೆಂಬುದೊಂದುಂಟು. ಒಂದು ಕಥಾಮಾಲೆಯು ಜನಪ್ರಿಯವಾದ ಮೇಲೆ ಅದರೊಳಗಿನ ಒಂದು ಪಾತ್ರವನ್ನು ಕಿತ್ತು ಬೇರೆ ನೆಟ್ಟು ಅದಕ್ಕೆ ಸ್ವಂತ ಕಥಾಮಾಲೆಯನ್ನು ಕಟ್ಟುವುದೇ ಆ ಪದ್ಧತಿ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕರು 2008ರಲ್ಲಿ ಛೋಟಾ ಭೀಮನನ್ನು ತಂದರು. ಅವನ ಮರದಿಂದ 2011ರಲ್ಲಿ ಮೈಟಿ ರಾಜು ಎಂಬ ಕವಲೂ, 2014ರಲ್ಲಿ ಬಾಲಿ ದ್ವೀಪದ ರಾಜಕುಮಾರ ಅರ್ಜುನನೆಂಬ ಕವಲೂ ಒಡೆದುವು. 2019ರಲ್ಲಿ ನೆಟ್‌ಫ್ಲಿಕ್ಸಿನ ಮೂಲಕ ಮೈಟಿ ಲಿಟಲ್ ಭೀಮ್ ಎಂಬ ಅಂಬೆಗಾಲಿನ ಕೂಸೂ ಹೊರಬಿದ್ದಿತು. ಈ ಕೊನೆಯದು ವಿಶೇಷವಾಗಿ ಗಮನಿಸತಕ್ಕದ್ದು. ಅದರಲ್ಲಿ ಕೂಸಿನ ತೊದಲು, ನಗು, ಅಳು ಇವಲ್ಲದೆ ಹೇಳಿಕೊಳ್ಳುವಂಥ ಮಾತೇ ಇಲ್ಲ. ಎಲ್ಲ ದೇಶಗಳಲ್ಲಿಯೂ ಓಡಬೇಕಾದ ಸರಕಿಗೆ ಭಾಷೆಯು ಸುಂಕದ ಕಟ್ಟೆಯಾಗಿ ತೋರಿತು, ಅದನ್ನು ಕಿತ್ತುಹಾಕಿದರು. ವ್ಯಾಪಾರದ ದೃಷ್ಟಿಯಿಂದ ಇದು ಜಾಣತನವೇ ಸರಿ. ಅದನ್ನು ಕಟ್ಟಿದವರ ಕೌಶಲ್ಯವೂ ಕಡಿಮೆಯದಲ್ಲ. ಆದರೆ ಮಾತು ಕಲಿಯಬೇಕಾದ ವಯಸ್ಸಿನ ಶ್ರೋತೃಗಳಿಗೆ ಮಾತೇ ಇಲ್ಲದ ಭೀಮನನ್ನು ಕೊಟ್ಟು, ಕನ್ನಡದ ಮನೆಮಂದಿ ಅದರಲ್ಲಿ ಕನ್ನಡವನ್ನು ಹುಡುಕಿಕೊಳ್ಳುವುದಾದರೂ ಎಲ್ಲಿ?

ಮೂಡದೆ ಉಳಿದ ಕವಲುಗಳ ಚರಿತ್ರೆಯೂ ಅಮೆರಿಕದಲ್ಲಿ ದೊಡ್ಡದಾಗಿದೆ. ಅಲ್ಲಿನ ‘ಸಿಂಪ್ಸನ್ಸ್’ ಎಂಬ ಪ್ರಸಿದ್ಧ ಕಥಾಮಾಲೆಯಲ್ಲಿ ಕ್ರಸ್ಟಿಯೆಂಬ ವಿದೂಷಕನಿದ್ದಾನೆ. ಅವನನ್ನೇ ನಾಯಕನನ್ನಾಗಿಸಿ, ಚಿತ್ರಗಳನ್ನು ಬಿಟ್ಟು ನಟರಿಂದಲೇ ಆಡಿಸತಕ್ಕ ಬೇರೊಂದು ಮಾಲೆಯನ್ನು ಮೂಲಕರ್ತನಾದ ಮ್ಯಾಟ್ ಗ್ರೇನಿಂಗನು 1994ರಲ್ಲಿ ಯೋಜಿಸಿದನು. ವಿದೂಷಕನು ಲಾಸ್ ಏಂಜಲೀಸಿಗೆ ಬಂದು, ಮರದ ಕಂಬಗಳ ಮೇಲೆ ನಿಂತ ಮನೆಯೊಂದರಲ್ಲಿ ವಾಸಿಸುವನು. ಬೀವರ್ ಎಂಬ ನೀರುಪ್ರಾಣಿಗಳು ಆ ಕಂಬಗಳನ್ನು ಸದಾ ಕಡಿಯುತ್ತಿರುವುವು. ಇಷ್ಟೆಲ್ಲ ಬರೆದಾದ ಮೇಲೆ ಕರಾರಿನ ಮಾತುಕತೆ ಮುರಿದುಬಿದ್ದು ಯೋಜನೆ ನಿಂತಿತು. ಅಲ್ಲಿನ ರಸಿಕರು ಅದನ್ನು ಇಂದಿಗೂ ನೆನೆದು ಮರುಗುವರು. ಮರುಗಲಿ, ಅವರ ಬಳಿ ಮರುಗುವುದಕ್ಕೆ ಬರೆದ ಪ್ರತಿಯೊಂದಾದರೂ ಇದೆ. ಕನ್ನಡದಲ್ಲಿ ವರ್ಷಾನುಗಟ್ಟಲೆ ನಡೆದು ಮನೆಮಾತಾಗಿ ಕವಲೊಡೆಯುವಷ್ಟು ಬೆಳೆದ ಮೂಲ ಕಾರ್ಟೂನು ಮಾಲೆ ಯಾವುದೆಂದು ಕೇಳಿದರೆ ಮನೆಮನೆಯಲ್ಲಿಯೂ ಮೌನವೇ ಉತ್ತರ. ಯೂಟ್ಯೂಬಿನಲ್ಲಿ ಕನ್ನಡದ ಶಿಶುಗೀತೆಗಳು ಹೇರಳವಾಗಿವೆ. ಬೆಂಗಳೂರಿನಲ್ಲಿಯೇ ತಯಾರಾಗುವುವೂ ಉಂಟು. ಅವು ಬೇಕು. ಆದರೆ ಎರಡು ನಿಮಿಷದ ಗೀತೆಯು ಕಥೆಯ ಹಸಿವನ್ನು ಹಿಂಗಿಸಲಾರದು.

ಈ ಮಾತೆತ್ತಿದ ಕೂಡಲೆ ಪುರಾಣಪ್ರಿಯರಾದ ಮಹನೀಯರಿಂದ ಒಂದು ಆಕ್ಷೇಪಣೆ ಬರುವುದು. ಇತಿಹಾಸಪುರಾಣಗಳ ಪಾತ್ರಗಳನ್ನು ಮುರಿದು ಬೇರೆ ಬೇರೆ ಕಥೆ ಕಟ್ಟುವುದೇ ಅಪಚಾರ. ಮೂಲವನ್ನು ಇದ್ದಂತೆ ತೋರಿಸಿದರೆ ಸಾಕು ಎಂದು ಅವರ ಮತ. ಇದು ಭಕ್ತಿಯಂತೆ ಕಂಡರೂ ಶಾಸ್ತ್ರವಿರುದ್ಧವಾದ ಮಾತು. ಧನಂಜಯನ ದಶರೂಪಕವನ್ನು ತೆರೆದು ನೋಡಿದವರಿಗೆ ವಸ್ತುವು ಆಧಿಕಾರಿಕ, ಪ್ರಾಸಂಗಿಕ ಎಂದು ಇಬ್ಬಗೆಯೆಂಬುದೂ, ಪ್ರಾಸಂಗಿಕದಲ್ಲಿ ದೂರ ನಡೆಯುವುದು ಪತಾಕೆ, ಅಲ್ಲಲ್ಲಿಯೇ ಮುಗಿಯುವುದು ಪ್ರಕರೀ ಎಂಬುದೂ ಗೊತ್ತಿದೆ. ಸುಗ್ರೀವನ ವೃತ್ತಾಂತ ಪತಾಕೆ, ಶಬರಿಯದು ಪ್ರಕರೀ. ಆ ಪತಾಕೆಯ ನಾಯಕನಿಗೆ ಬೇರೊಂದು ಕೃತಿಯಲ್ಲಿ ಅಧಿಕಾರವನ್ನು ಕೊಟ್ಟರೆ ಅದೇ ಕವಲುಕಥೆ. ಭಾಸನು ಊರುಭಂಗದಲ್ಲಿ ತೊಡೆಮುರಿದು ಬಿದ್ದ ದುರ್ಯೋಧನನಿಗೆ ರಂಗವನ್ನು ಬಿಟ್ಟುಕೊಟ್ಟನು. ಅದನ್ನು ಅಪಚಾರವೆಂದು ಯಾವ ಪಂಡಿತನೂ ಅಗ್ನಿಗೆ ಹಾಕಲಿಲ್ಲ. ತಿರುವನಂತಪುರದ ಗಣಪತಿ ಶಾಸ್ತ್ರಿಗಳು ಹುಡುಕಿ ತಂದು ಅಚ್ಚು ಹಾಕಿಸಿದರು.

ಕನ್ನಡದ ಮಟ್ಟಿಗಂತೂ ಸಾಹಿತ್ಯದ ಆದಿಯೇ ಕವಲು. ಪಂಪನು 941ರಲ್ಲಿ ಭಾರತವನ್ನು ಹೇಳಹೊರಟು ಅರ್ಜುನನನ್ನು ಏಕೈಕ ನಾಯಕನನ್ನಾಗಿ ಆರಿಸಿಕೊಂಡನು. ವೇಮುಲವಾಡದ ಅರಿಕೇಸರಿಯನ್ನು ಅವನಲ್ಲಿ ಬೆರೆಸಿದನು. ಅನಂತರ ಬಂದ ಮುಧೋಳದ ರನ್ನನು ಭಾರತದ ಕೊನೆಯ ಗದಾಯುದ್ಧವೊಂದನ್ನೇ ಹಿಡಿದು ಭೀಮನಿಗೆ ಪಟ್ಟ ಕಟ್ಟಿದನು. ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಅದರೊಳಕ್ಕೆ ತಂದನು. ಸಾಹಸಭೀಮವಿಜಯವೆಂಬ ಹೆಸರೇ ಸಾಕ್ಷಿ. ಅಂದರೆ ಭೀಮನನ್ನು ಬೇರೆ ನೆಡುವ ಕೆಲಸವು ಹೈದರಾಬಾದಿನಲ್ಲಿ 2008ರಲ್ಲಿ ಆರಂಭವಾದುದಲ್ಲ. ಸಾವಿರ ವರ್ಷಗಳ ಹಿಂದೆ ಕನ್ನಡದಲ್ಲಿ ನಡೆದುಹೋದುದು. ಭಾರತದ ಮೂಲಕಥೆಯು ಎಲ್ಲ ಭಾಷೆಗಳಿಗೂ ಸೇರಿದ್ದು. ರನ್ನನ ಭೀಮನಾದರೋ, ವೈಶಂಪಾಯನ ಸರೋವರದ ದಡದಲ್ಲಿ ನಿಂತು ಗರ್ಜಿಸಿದುದು ಕನ್ನಡದಲ್ಲಿ. ಭಾಷೆಗೆ ಸ್ವಂತವಾದುದು ಅದರ ಕವಲೇ. ಮೂಲವನ್ನು ಇದ್ದಂತೆ ತೋರಿಸಿದರೆ ಸಾಕೆನ್ನುವವರು ಕರಿಕೆಯ ಮಗುವಿನ ಕೈಗೆ ಯಾವ ವಾಹಿನಿಯಲ್ಲಿಯೂ ದೊರೆಯುವ ಸರಕನ್ನೇ ಕೊಡಲು ಹೇಳುತ್ತಿದ್ದಾರೆ.

ಯಕ್ಷಗಾನದ ಕೃತಿಗೆ ‘ಪ್ರಸಂಗ’ವೆಂಬ ಹೆಸರು ಬಂದುದನ್ನಾದರೂ ಅವರು ಯೋಚಿಸಬಹುದು. ಕುಂಬಳೆಯ ಪಾರ್ತಿಸುಬ್ಬನು ರಾಮಾಯಣವನ್ನು ಪ್ರಸಂಗ ಪ್ರಸಂಗವಾಗಿ ಬಿಡಿಸಿದನು. ಒಂದೊಂದು ರಾತ್ರಿಗೆ ಒಬ್ಬೊಬ್ಬನು ಅಧಿಕಾರಿ. ಕಾಸರಗೋಡಿನಲ್ಲಿ ಆ ಪ್ರಸಂಗಗಳನ್ನು ಬೊಂಬೆಗಳಿಂದಲೂ ಆಡಿಸುವರು. ನೂಲು ಕಟ್ಟಿದ ಬೊಂಬೆ ಕುಣಿದರೆ ಕಲೆ, ಗೆರೆಯಲ್ಲಿ ಬರೆದ ಬೊಂಬೆ ಕುಣಿದರೆ ಅಪಚಾರವೆಂಬ ಭೇದಕ್ಕೆ ಪ್ರಮಾಣವೇನೆಂದು ಅವರೇ ಹೇಳಬೇಕು.

ಎರಡನೆಯ ಪಕ್ಷದವರು ಕಾಯುವವರು. ಬೆಂಗಳೂರಿನ ಹೊಂಬಾಳೆ ಫಿಲಂಸಿನವರು ಕ್ಲೀಂ ಪ್ರೊಡಕ್ಷನ್ಸಿನವರೊಡನೆ 2025ರ ಜುಲೈಯಲ್ಲಿ ‘ಮಹಾವತಾರ ನರಸಿಂಹ’ವನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಗೆ ತಂದರು. ಅದು ದೂರದರ್ಶನದ ಮಾಲೆಯಲ್ಲ, ಚಿತ್ರಮಂದಿರದ ಚಿತ್ರ. ಆದರೂ ಮಾಲೆಯಾಗಿಯೇ ಯೋಜಿತವಾದುದು. ಪರಶುರಾಮ 2027ಕ್ಕೆ, ರಘುನಂದನ 2029ಕ್ಕೆ, ದ್ವಾರಕಾಧೀಶ 2031ಕ್ಕೆ, ಗೋಕುಲಾನಂದ 2033ಕ್ಕೆ, ಕಲ್ಕಿಯ ಎರಡು ಭಾಗಗಳು 2035ಕ್ಕೂ 2037ಕ್ಕೂ ಬರುವುವೆಂದು ಅದೇ ವರ್ಷ ಪ್ರಕಟಿಸಿದರು. ಜನರು ಚಿತ್ರಮಂದಿರಗಳಿಗೆ ಮುಗಿಬಿದ್ದುದನ್ನು ಎಲ್ಲರೂ ಬಲ್ಲರು, ಸಂತೋಷವೇ. ಇದರಿಂದ ಕೆಲವರು, ಕನ್ನಡ ನಾಡಿನ ಸಂಸ್ಥೆಯೇ ಕೈಹಾಕಿದೆಯಾದುದರಿಂದ ಇನ್ನು ಚಿಂತೆಯಿಲ್ಲ, ಕಾದರೆ ಸಾಕು ಎಂದು ನಿಶ್ಚಿಂತರಾಗಿದ್ದಾರೆ. 2025ರಲ್ಲಿ ಆರು ವರ್ಷದ ಮಗುವಿಗೆ 2037ರಲ್ಲಿ ಹದಿನೆಂಟು ತುಂಬುವುದು. ಕಲ್ಕಿಯು ಬರುವ ಹೊತ್ತಿಗೆ ಅದು ಮತ ಹಾಕಲು ಹೊರಟಿರುವುದು. ಇರಲಿ, ಎಲ್ಲವೂ ಹೇಳಿದ ವರ್ಷಕ್ಕೇ ಬಂದುವೆಂದು ಇಟ್ಟುಕೊಂಡರೂ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿರುವವೆಲ್ಲ ಅವತಾರಗಳು, ಆಧಿಕಾರಿಕ ಮಹಾನಾಯಕರು, ಭರತಖಂಡದ ಎಲ್ಲ ಮಾರುಕಟ್ಟೆಗೂ ಸಮನಾಗಿ ಸಲ್ಲುವವರು. ಹಲವು ಭಾಷೆಗಳಲ್ಲಿ ಏಕಕಾಲಕ್ಕೆ ಮಾರಬೇಕಾದ ಸಂಸ್ಥೆಯು ಹಾಗೆ ಆರಿಸಿದುದು ತಪ್ಪೇನೂ ಅಲ್ಲ. ಆ ಪಟ್ಟಿಯೇ ಕನ್ನಡದ ಮಕ್ಕಳಿಗೂ ಸಾಲುವುದೆಂದು ತಿಳಿದ ಮನೆಯವರದು ತಪ್ಪು.

ಹಿಂದಿನ ಎರಡು ಪ್ರಯತ್ನಗಳೂ ಇದನ್ನೇ ಹೇಳುವುವು. ತೆನಾಲಿ ರಾಮನ ಕಾರ್ಟೂನು ಮಾಲೆಯನ್ನು ತಿರುವನಂತಪುರದ ಟೂನ್ಸ್ ಸಂಸ್ಥೆ 2003ರಲ್ಲಿ ಕಾರ್ಟೂನ್ ನೆಟ್‌ವರ್ಕಿಗಾಗಿ ಮಾಡಿತು. ಕಥೆ ನಡೆಯುವ ಆಸ್ಥಾನ ಕೃಷ್ಣದೇವರಾಯನದು. ಊರು ತುಂಗಭದ್ರೆಯ ದಡದ ವಿಜಯನಗರ. ಹಂಪೆಯ ಬಂಡೆಗಳು ಕನ್ನಡ ನಾಡಿನಲ್ಲಿ, ಅವುಗಳ ಚಿತ್ರ ಬರೆದವರು ಅನಂತಶಯನದಲ್ಲಿ! ಭಾಸನನ್ನು ಉಳಿಸಿಕೊಟ್ಟ ಊರೇ ತೆನಾಲಿ ರಾಮನನ್ನೂ ಕುಣಿಸಿತೆಂದು ಅಭಿನಂದಿಸುವುದಲ್ಲದೆ ಬೇರೇನು ಮಾಡಬೇಕು? ಇನ್ನೊಂದು ‘ಪುಣ್ಯಕೋಟಿ’. ಬೆಂಗಳೂರಿನ ರವಿಶಂಕರರು ಜನರಿಂದ ಧನವನ್ನು ಕೂಡಿಸಿ, ಗೋವಿನ ಹಾಡಿನ ಕಥೆಯನ್ನು ಚಲಿಸುವ ಚಿತ್ರಗಳಲ್ಲಿ ನಿರ್ಮಿಸಿ 2020ರಲ್ಲಿ ಹೊರತಂದರು. ಚಿತ್ರದ ಭಾಷೆ ಸಂಸ್ಕೃತ. ಸಂಸ್ಕೃತಜ್ಞರಿಗೆ ಇದಕ್ಕಿಂತ ಆನಂದವಿಲ್ಲ. ಅಂಥ ಸಾಹಸವನ್ನು ಹೊಗಳದವನು ಕೃತಘ್ನ. ಆದರೆ ಆ ಹಸುವಿನ ತಾಯ್ನುಡಿ ಕನ್ನಡವೆಂಬುದನ್ನು ಸಂಸ್ಕೃತಜ್ಞರೇ ಮೊದಲು ಹೇಳಬೇಕಾದುದು ನ್ಯಾಯ. ಸಂಸ್ಕೃತಕ್ಕೆ ಒಬ್ಬ ಸಾಹಸಿ ಹುಟ್ಟಿ ಜನರು ಹಣ ಕೊಟ್ಟರು. ಅದೇ ಹಸುವಿನ ಕರುವನ್ನು ನಾಯಕನನ್ನಾಗಿಸಿ ಕನ್ನಡದಲ್ಲಿ ಒಂದು ಮಾಲೆ ಕಟ್ಟಿರೆಂದು, ಗೋವಿನ ಹಾಡನ್ನು ಬಾಯಿಪಾಠ ಮಾಡಿದ ಲಕ್ಷಾಂತರ ಮನೆಗಳಿಂದ ಒಂದು ಕೂಗು ಏಳಲಿಲ್ಲ.

ಕನ್ನಡ ಚಿತ್ರರಂಗವು ಹಲವು ದಶಕಗಳ ಕಾಲ ಡಬ್ಬಿಂಗನ್ನು ತಡೆದಿತ್ತು. ಪರಭಾಷೆಯ ಚಿತ್ರಗಳು ಕನ್ನಡದ ದನಿಯಲ್ಲಿ ಬಂದರೆ ಇಲ್ಲಿನ ಸ್ವಂತ ನಿರ್ಮಾಣ ಸಾಯುವುದೆಂಬುದು ಅದಕ್ಕೆ ಕೊಟ್ಟ ಕಾರಣ. 2015ರಲ್ಲಿ ಭಾರತ ಸ್ಪರ್ಧಾ ಆಯೋಗವು ಆ ತಡೆಯನ್ನು ನ್ಯಾಯವಿರುದ್ಧವೆಂದು ತೀರ್ಪಿತ್ತಿತು. ತಡೆ ಸರಿಯೋ ತಪ್ಪೋ ಎಂಬ ವಾದವನ್ನು ಇಲ್ಲಿ ಮತ್ತೆ ತೆರೆಯಬೇಕಾಗಿಲ್ಲ. ಸ್ವಂತ ನಿರ್ಮಾಣದ ಹೆಸರಿನಲ್ಲಿ ಅಷ್ಟು ಹೋರಾಡಿದ ನಾಡು ಮಕ್ಕಳ ಪಾಲಿನ ಸ್ವಂತ ನಿರ್ಮಾಣವನ್ನು ಮರೆತುದಂತೂ ನಿಜ.

ಕಥೆಗೆ ಬರವಿದೆಯೆನ್ನುವವರು ಕರಿಕೆಯಿಂದ ಘಟ್ಟ ಹತ್ತಿ ತಲಕಾವೇರಿಯವರೆಗೆ ಬರಬೇಕು. ಅಗಸ್ತ್ಯನು ರಾಮಾಯಣದಲ್ಲಿ ರಾಮನಿಗೆ ಧನುಸ್ಸನ್ನು ಕೊಟ್ಟು ಹಿಂದೆ ಸರಿಯುವನು. ಭಾರತದ ವನಪರ್ವದಲ್ಲಿ ವಾತಾಪಿಯನ್ನು ಜೀರ್ಣಿಸಿಕೊಂಡು, ಸಮುದ್ರವನ್ನು ಕುಡಿದು ಮರೆಯಾಗುವನು. ಎರಡು ಮಹಾಕಾವ್ಯಗಳಲ್ಲಿಯೂ ಆತನದು ಪ್ರಕರೀ. ಕೊಡಗಿಗೆ ಬಂದರೆ ಕಥೆ ಬೇರೆ. ಕವೇರಮುನಿಯ ಮಗಳನ್ನು ಮದುವೆಯಾಗಿ, ಕಮಂಡಲುವಿನಲ್ಲಿರಿಸಿ, ಆಕೆ ಹರಿದುಹೋದ ಮೇಲೆ ದಿಗ್ಭ್ರಾಂತನಾಗಿ ನಿಂತ ಗೃಹಸ್ಥನಾಗಿ ಆತನು ಕಾಣುವನು. ಕಾವೇರಿಯೋ, ಮಾತು ತಪ್ಪಿದ ಗಂಡನನ್ನು ಬಿಟ್ಟು ಲೋಕಹಿತಕ್ಕಾಗಿ ಹೊರಟ ಹೆಣ್ಣು. ಬಲಮುರಿಯಲ್ಲಿ ತಡೆಯನಿಂತ ಸ್ತ್ರೀಯರ ಸೀರೆಯ ನೆರಿಗೆಗಳು ಆಕೆಯ ರಭಸಕ್ಕೆ ಹಿಂದೆ ಸರಿದುವಂತೆ. ಕೊಡವ ಸ್ತ್ರೀಯರು ಅಂದಿನಿಂದ ನೆರಿಗೆಯನ್ನು ಹಿಂದಕ್ಕೇ ಉಡುವರೆಂದು ಜನ ಹೇಳುವರು. ಚಲಿಸುವ ಚಿತ್ರಕ್ಕೆ ಇದಕ್ಕಿಂತ ಒಪ್ಪುವ ವಸ್ತು ಯಾವುದು? ನೀರು, ರಭಸ, ಹಾರುವ ನೆರಿಗೆ, ಬರಿದಾದ ಕಮಂಡಲುವನ್ನು ಹಿಡಿದ ಕುಳ್ಳ ಮುನಿ. ಮಕ್ಕಳು ನಗುವರು, ಅನಂತರ ಆ ಮುನಿಗಾಗಿ ಮರುಗುವರು. ತುಲಾಸಂಕ್ರಮಣದಂದು ತೀರ್ಥೋದ್ಭವಕ್ಕೆ ತಂದೆಯ ಹೆಗಲೇರಿ ಬರುವ ಮಗುವಿಗೆ ಕುಂಡಿಕೆಯಲ್ಲಿ ಉಕ್ಕುವವಳು ಯಾರೆಂಬುದು ಆಗ ತಿಳಿಯುವುದು.

ವೆಚ್ಚದ ಆಕ್ಷೇಪಣೆ ಉಳಿಯಿತು. ಅದು ನಿಜವಾದ ಆಕ್ಷೇಪಣೆ. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಸರಿಯುವುವು. ಒಂದೊಂದು ಗೆರೆಚಿತ್ರವನ್ನು ಎರಡೆರಡು ಬಾರಿ ಬಳಸಿ ಮಿತವ್ಯಯ ಮಾಡಿದರೂ ಹನ್ನೊಂದು ನಿಮಿಷದ ಕಥೆಗೆ 7,920 ಚಿತ್ರಗಳು ಬೇಕು. ಗಣಕಯಂತ್ರವು ಇದರಲ್ಲಿ ಬಹುಪಾಲನ್ನು ಹಗುರಮಾಡಿದೆ. ಆದರೂ ಒಂದು ಮನೆಯಿಂದಲೋ ಒಂದು ಸಂಘದಿಂದಲೋ ಆಗತಕ್ಕ ಕೆಲಸವಲ್ಲ. ಕರ್ನಾಟಕ ಸರ್ಕಾರವು ಈ ಉದ್ಯಮಕ್ಕೆಂದು 2012ರಲ್ಲಿಯೇ ಪ್ರತ್ಯೇಕ ನೀತಿಯೊಂದನ್ನು ಹೊರಡಿಸಿತು. 2024ರಲ್ಲಿ ಅದನ್ನು ಹೊಸದಾಗಿಸಿತು. ಉದ್ಯೋಗ, ಬಂಡವಾಳ, ರಫ್ತು ಎಂಬ ಮಾತುಗಳನ್ನು ಆ ವಿಷಯದಲ್ಲಿ ಎಷ್ಟು ಬೇಕಾದರೂ ಕೇಳಬಹುದು. ಪರದೇಶದ ಮಾಲೆಗಳಿಗೆ ಬಣ್ಣ ತುಂಬುವ ನಿಪುಣರು ಬೆಂಗಳೂರಿನಲ್ಲಿ ಇದ್ದೇ ಇದ್ದಾರೆ. ಅವರ ಕೈಯಿಂದ ವರ್ಷಕ್ಕೆ ಹನ್ನೊಂದು ನಿಮಿಷಗಳ ಹದಿಮೂರು ಕಥೆಗಳು, ಮೊದಲು ಕನ್ನಡದಲ್ಲಿ, ಚಂದನ ವಾಹಿನಿಗಾಗಿ, ಸರ್ಕಾರದ ಸಹಾಯದಿಂದ ಆಗಬೇಕೆಂದು ಕೇಳುವುದು ಅತ್ಯಾಶೆಯಲ್ಲ. ಕನ್ನಡದಲ್ಲಿ ಗೆದ್ದರೆ ಮಲಯಾಳಕ್ಕೆ ಧ್ವನಿ ಬದಲಿಸಿ ಕೊಡಲಿ. ಪಾಣತ್ತೂರಿನ ಮಕ್ಕಳೂ ನೋಡಲಿ. ಜಿಲ್ಲೆಯ ಸಾಹಿತ್ಯಸಂಘಗಳು ಪ್ರತಿ ಸಮ್ಮೇಳನದ ಕೊನೆಗೆ ಗಡಿನಾಡಿನ ಕನ್ನಡದ ರಕ್ಷಣೆಯ ಬಗ್ಗೆ ಒಂದು ಗೊತ್ತುವಳಿಯನ್ನು ಅಂಗೀಕರಿಸುವ ವಾಡಿಕೆಯುಂಟು. ಬರುವ ಸಮ್ಮೇಳನದ ಗೊತ್ತುವಳಿಯಲ್ಲಿ ಈ ಹದಿಮೂರು ಕಥೆಗಳನ್ನು ಸಂಖ್ಯೆಸಹಿತವಾಗಿ ಬರೆದು, ಮಂತ್ರಿಗಳಿಗೆ ಕಳುಹುವ ಮೊದಲು ಅದರ ಪ್ರತಿಯನ್ನು ಕರಿಕೆಯ ಶಾಲೆಯಲ್ಲಿ ಮಕ್ಕಳ ಮುಂದೆ ಓದಿಸಿ, ಯಾವ ಕಥೆ ಮೊದಲು ಬೇಕೆಂದು ಅವರನ್ನೇ ಕೇಳಲಿ.